ಅವ್ವ ಕಾಲೇಜಿಗೆ ಬಂದ ದಿನ

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಜೋಳದ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಡಬ್ಬಿ ಇಟ್ಟು, ಬೀಸಿ ಮುಗಿಯುವ ತನಕ ಮೂರು ಸಲ ಓಣಿಯ ತುದಿಗೆ ಹೋಗಿ ಬರುತ್ತೇನೆ. ಗಿರಣಿಯವನು ನನ್ನನ್ನು ಅವಸರದ ಹೆಂಗಸು ಎಂದುಕೊಂಡಿದ್ದಾನೆ. ಅವನಿಗೇನು ಗೊತ್ತು, ನಾನು ಗಿರಣಿಯಲ್ಲೇ ಬೆಳೆದವಳು. ಸಾರವಾಡದ ನಮ್ಮ ಮನೆಯ ಪಡಸಾಲೆಯೇ ಗಿರಣಿಯಾಗಿತ್ತು. ತೊಲೆಯ ಮೇಲೆ, ದೇವರ ಫೋಟೊ ಮೇಲೆ, ಕೊನೆಗೆ ನಮ್ಮ ಹುಬ್ಬಿನ ಮೇಲೂ ಹಿಟ್ಟು. ಅಪ್ಪ ಹೊಲ ನೋಡಿಕೊಂಡರೆ ಗಿರಣಿ ಪೂರ್ತಿ ಅವ್ವನದು. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವಳ ಕಿವಿ ಮಂದವಾಗಿತ್ತು, ದನಿ ದೊಡ್ಡದಾಗಿತ್ತು. ಉಪ್ಪು ಕೇಳಿದರೂ ಜಗಳಕ್ಕೆ ಬಂದಂತೆ ಕೇಳುತ್ತಿತ್ತು. "ಬಾಯಿದ್ದವ ಬರಗಾಲದಾಗೂ ಬದಕ್ಯಾನ" ಎಂದು ತನ್ನ ದನಿಯನ್ನು ತಾನೇ ಸಮರ್ಥಿಸಿಕೊಳ್ಳುತ್ತಿದ್ದಳು, ಅದನ್ನೂ ಮೂರು ಮನೆಗೆ ಕೇಳುವಂತೆ. ನಾನು ಬೆಳಿಗ್ಗೆ ಕಾಲೇಜಿಗೆಂದು ವಿಜಯಪುರದ ಬಸ್ಸು ಹತ್ತಿದರೆ ಮನೆಯ ಕಟ್ಟೆಯಿಂದಲೇ ಕೂಗುವಳು: "ಬುತ್ತಿ ತಿನ್ನು, ಹಂಗ ತಿರುಗಿ ತರಬ್ಯಾಡ." ಇಡೀ ಬಸ್ಸು ನನ್ನ ಕಡೆ ತಿರುಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಡಿಗ್ರಿಯ ಕೊನೆಯ ತಿಂಗಳಲ್ಲಿ ನಮಗೆಲ್ಲ ಒಂದು ಥರದ ಹುಚ್ಚು ಹಿಡಿದಿತ್ತು. ಪರೀಕ್ಷೆ ಹತ್ತಿರ ಬಂದಷ್ಟೂ ಓದು ಬೇಡವಾಗಿ, ಮೂರು ವರ್ಷ ಮಾಡದೇ ಬಿಟ್ಟಿದ್ದನ್ನೆಲ್ಲ ಮಾಡಿ ಮುಗಿಸಬೇಕು ಎಂಬ ಚಡಪಡಿಕೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನನ್ನ ಪಕ್ಕ ಕೂರುತ್ತಿದ್ದ ತಿಕೋಟಾದ ಶಾಹೀನ್ ಜರ್ನಲ್ಲಿನ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬರೆದಳು. ಕ್ಲಾಸು ತಪ್ಪಿಸಿ ಸಿನಿಮಾ. ಅದಾಯಿತು, ಅರ್ಧಕ್ಕೇ ನಿದ್ದೆ ಬಂತು. ಹುಡುಗರು ಹಕ್ಕಿನಿಂದ ಕೂರುತ್ತಿದ್ದ ಕಟ್ಟೆಯ ಮೇಲೆ ನಾವು ಕೂತು ಚಹಾ ಕುಡಿಯುವುದು, ಅದೂ ಆಯಿತು. ದಿನಾ ದೂರದಿಂದ ಕಂಡರೂ ಸಾಲೆಯ ಪ್ರವಾಸದ ನಂತರ ಮತ್ತೆ ಒಳಗೆ ಹೋಗಿರದ ಗೋಳಗುಮ್ಮಟವನ್ನು ಹತ್ತುವುದು ಉಳಿದಿತ್ತು. ಅದರ ಕೆಳಗೆ ಅವಳು ಇನ್ನೊಂದು ಸಾಲು ಸೇರಿಸಿದಳು: ಅವ್ವಂದಿರನ್ನು ಒಂದು ದಿನ ನಮ್ಮ ಬೆಂಚಿನ ಮೇಲೆ ಕೂರಿಸುವುದು. ಅವಳ ತಾಯಿ ಬೀಬಿಜಾನ್ ತಿಕೋಟಾದ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಿದ್ದರು. "ನಮ್ಮ ಅಮ್ಮಿ ಮೂರ ವರ್ಷ ದಿನಾ ನನಗ ಬಸ್ ಹತ್ತಿಸ್ಯಾಳ. ಆ ಬಸ್ ನನ್ನ ಎಲ್ಲಿ ತಂದ ಇಳಸತೈತಿ ಅಂತ ಒಮ್ಮಿನೂ ನೋಡಿಲ್ಲ," ಎಂದಳು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಮನೆಯಲ್ಲಿ ಅರೆಮನಸ್ಸಿನಿಂದ ಹೇಳಿದೆ. ಬರುವುದಿಲ್ಲ ಎಂದಾಳು ಎಂಬ ಆಸೆ ನನ್ನದು. ಅಮಾವಾಸ್ಯೆ ಬಿಟ್ಟರೆ ಎಂದೂ ನಿಲ್ಲದ ಗಿರಣಿಯನ್ನು ಅವ್ವ ಹೊರಡುವ ದಿನ ನಿಲ್ಲಿಸಿದಳು. ಹಸಿರು ಇಳಕಲ್ ಸೀರೆ ಉಟ್ಟು, ಹುಬ್ಬಿನ ಹಿಟ್ಟನ್ನು ತಿಕ್ಕಿ ತಿಕ್ಕಿ ತೊಳೆದು, ನನಗಿಂತ ಮೊದಲೇ ಹೊಸ್ತಿಲಲ್ಲಿ ನಿಂತಿದ್ದಳು. ಬಸ್ಸು ಬರುವ ಮುಂಚೆ ನಾನು ಅವಳ ಕಿವಿಯ ಹತ್ತಿರ ಹೋಗಿ ಹೇಳಿದೆ, "ಯವ್ವಾ, ಅಲ್ಲಿ ಒದರಬ್ಯಾಡ ಬೇ. ಮಂದಿ ನಗತಾರ." ಅವ್ವ ನನ್ನ ಮುಖ ನೋಡಿ "ಹೂಂ" ಎಂದಳು. ಅಷ್ಟು ಸಣ್ಣ "ಹೂಂ" ಅವಳಿಂದ ನಾನು ಎಂದೂ ಕೇಳಿರಲಿಲ್ಲ.

ನಮ್ಮ ಮೇಷ್ಟ್ರು ಒಳ್ಳೆಯವರು. "ಬರ್ರಿ, ಕೂಡ್ರಿ" ಎಂದು ಮುಂದಿನ ಬೆಂಚು ಬಿಡಿಸಿಕೊಟ್ಟರು. ಬೀಬಿಜಾನ್ ತಮ್ಮ ಹೆಸರು ಹೇಳಿದ್ದಲ್ಲದೆ, "ಇಲ್ಲಿ ಕುಂತ್ರ ನಿದ್ದಿ ಬರತೈತ್ರಿ ಸರ್, ನಮ್ಮ ಹುಡುಗಿ ಹ್ಯಾಂಗ ಪಾಸ್ ಆಗ್ಯಾಳ?" ಎಂದು ಕೇಳಿ ಕ್ಲಾಸನ್ನೆಲ್ಲ ನಗಿಸಿದರು. "ನಿಮ್ಮ ಹೆಸರೇನ್ರಿ ಅವ್ವಾರ?" ಎಂದು ಮೇಷ್ಟ್ರು ಕೇಳಿದಾಗ ಅವ್ವ ಎದ್ದು ನಿಂತು ಕೈಮುಗಿದು ನನ್ನ ಕಡೆ ನೋಡಿದಳು. ನಾನೇ ಹೇಳಿದೆ, "ನೀಲವ್ವ ಅಂತ್ರಿ." ಬೆಂಚಿನ ಮೇಲೆ ಯಾರೋ ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಅವಳು ಇಡೀ ಪಾಠ ಕೇಳಿದಳು. ಹೇಳಲು ನಾಚಿಕೆಯಾಗುತ್ತದೆ, ನನಗೆ ಆಗ ಜೀವ ಹಗುರಾಗಿತ್ತು.

ಮಧ್ಯಾಹ್ನ ಗುಮ್ಮಟ ಹತ್ತಿದೆವು, ಕ್ಲಾಸಿನ ಕೆಲವು ಹುಡುಗರೂ ನಮ್ಮ ಜೊತೆ ಬಂದರು. ಮೊಣಕಾಲು ಹಿಡಿದುಕೊಂಡೇ ಅವ್ವ ಆ ಇಕ್ಕಟ್ಟಿನ ಮೆಟ್ಟಿಲುಗಳನ್ನೆಲ್ಲ ಏರಿದಳು. ಮೇಲೆ ಬೀಬಿಜಾನ್ ಕೈ ಬಾಯಿಗೆ ಹಿಡಿದು "ಶಾಹೀನ್" ಎಂದು ಕೂಗಿದರು. ಗುಮ್ಮಟ ಆ ಹೆಸರನ್ನು ಮತ್ತೆ ಮತ್ತೆ ಕೂಗಿತು. ಆಮೇಲೆ ಅವ್ವನನ್ನು ಮುಂದೆ ದೂಡಿ, "ಅಕ್ಕಾ, ನೀವೂ ಒಂದ ಸಲ ಒದರ್ರಿ, ಇಲ್ಲಿ ಯಾರ ಬ್ಯಾಡ ಅಂತಾರ?" ಎಂದರು. ಅವ್ವ ನಕ್ಕು ಒಲ್ಲೆ ಎಂದು ತಲೆಯಾಡಿಸಿದಳು. "ಒದರು ಯವ್ವಾ" ಎಂದು ನಾನು ಅಂದಿದ್ದರೆ ಮುಗಿದಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ಆದರೆ ನಮ್ಮ ಕ್ಲಾಸಿನ ಹುಡುಗರು ಎದುರಿಗೇ ನಿಂತಿದ್ದರು. ನಾನು ಹೊತ್ತಾಯಿತು ಎಂದು ಎಲ್ಲರನ್ನೂ ಕೆಳಗಿಳಿಸಿದೆ.

ತಿರುಗಿ ಬರುವ ಬಸ್ಸಿನಲ್ಲಿ ಕೇಳಿದೆ, "ಯಾಕ ಒಂದೂ ಮಾತಾಡಲಿಲ್ಲ ಬೇ?"

"ಸಣ್ಣ ದನಿ ನನಗ ಬರೂದಿಲ್ಲ, ತಂಗಿ. ಅದಕ್ಕ ಸುಮ್ಮ ಕುಂತೆ. ಛಲೋ ಐತಿ ನಿಮ್ಮ ಕಾಲೇಜು." ಇಷ್ಟನ್ನು ತನ್ನ ಪೂರ್ತಿ ದನಿಯಲ್ಲೇ ಹೇಳಿದಳು. ಬಸ್ಸು ನಮ್ಮ ಕಡೆ ತಿರುಗಿತು. ಅವತ್ತೂ ನಾನು ಕಿಟಕಿಯ ಕಡೆಗೇ ತಿರುಗಿದೆ.

ಅವ್ವ ಹೋಗಿ ಈಗ ನಾಲ್ಕನೇ ವರ್ಷ. ಗಿರಣಿಯ ಯಂತ್ರವನ್ನು ಬಬಲೇಶ್ವರದವರೊಬ್ಬರು ಬಿಚ್ಚಿಕೊಂಡು ಹೋದರು. ಪಡಸಾಲೆಗೆ ಬಣ್ಣ ಬಳಿದಿದ್ದೇವೆ, ಅಲ್ಲಿ ಈಗ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಹೋದವರ ಫೋಟೊ ಎಲ್ಲರ ಮನೆಯಲ್ಲೂ ಇರುತ್ತದೆ; ದನಿ ಎಷ್ಟು ಜನರ ಹತ್ತಿರ ಇದೆ, ನೀವೇ ಹೇಳಿ. ಅವ್ವನ ಫೋನು ಬಂದರೆ ಕಿವಿಯಿಂದ ಗೇಣು ದೂರ ಹಿಡಿಯುತ್ತಿದ್ದ ನಾನು ಆ ದನಿಯನ್ನು ಎಂದೂ ಉಳಿಸಿಕೊಳ್ಳಲಿಲ್ಲ. ಮೊನ್ನೆ ಶಾಹೀನ್ ತನ್ನ ಹಳೆಯ ಫೋನಿನಲ್ಲಿ ಸಿಕ್ಕಿತೆಂದು ಗುಮ್ಮಟದ ಮೇಲೆ ತಾನು ತೆಗೆದ ವಿಡಿಯೊ ಕಳಿಸಿದಳು. ಅದರಲ್ಲಿ ಬೀಬಿಜಾನ್ ಕೂಗುತ್ತಾರೆ, ಹುಡುಗರು ಸಿಳ್ಳೆ ಹಾಕುತ್ತಾರೆ, ಗುಮ್ಮಟ ಎಲ್ಲವನ್ನೂ ತಿರುಗಿ ಕೊಡುತ್ತದೆ. ಅವ್ವ ಮುಂದೆ ಬರುತ್ತಾಳೆ, ಬಾಯಿ ತೆರೆಯುತ್ತಾಳೆ, ನನ್ನ ಕಡೆ ನೋಡುತ್ತಾಳೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಫೋನಿನ ದನಿಯನ್ನು ಪೂರ್ತಿ ಏರಿಸಿ, ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತ, ಮತ್ತೆ ಮತ್ತೆ ನೋಡುತ್ತೇನೆ. ಒಂದು ಸಲವೂ ನಮ್ಮವ್ವ ನನ್ನ ಮಾತು ಮೀರುವುದಿಲ್ಲ.