ಪಶುಪತಿಗೆಂದು ಕೊಟ್ಟ ದುಡ್ಡು

ದುಡ್ಡಿನ ವಿಷಯದಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಚನ್ನಬಸವ್ವನವರನ್ನು ಮೀರಿಸುವವರು ಇರಲಿಲ್ಲ. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕೆಲಸ ಅವರದು. ಅದರಲ್ಲೇ ಮಗಳ ಮದುವೆ ಮಾಡಿದರು, ಮನೆಗೆ ಸ್ಲ್ಯಾಬು ಹಾಕಿಸಿದರು. ಗಂಡ ಶಾಂತಯ್ಯನವರು ಅಯ್ಯನವರ, ಅಂದರೆ ಪೂಜೆ ಮಾಡಿಸುವ ಜಂಗಮರ ಮನೆತನದವರು. ಯಾರದಾದರೂ ಮನೆಯಲ್ಲಿ ಪೂಜೆಯಿದ್ದರೆ ಹೋಗುವರು, ಬಂದ ದಕ್ಷಿಣೆಯನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಚಹಾ ಕುಡಿಸಿ ಖಾಲಿ ಮಾಡುವರು. ಅಂಥವರನ್ನು ಕಟ್ಟಿಕೊಂಡು ಸಂಸಾರ ದಡ ಮುಟ್ಟಿಸಿದ ಹೆಂಗಸು ಪರದೇಶಕ್ಕೆ ಹೋಗಿ ದುಡ್ಡಿನಲ್ಲೇ ಸೋತು ಬಂದರು. ನೆನಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ಕಾಠ್ಮಂಡುವಿನ ಪಶುಪತಿನಾಥನನ್ನು ಒಮ್ಮೆ ನೋಡಬೇಕೆನ್ನುವುದು ಶಾಂತಯ್ಯನವರ ಬಹಳ ವರ್ಷದ ಆಸೆ. ರಾಯಾಪುರದ ಪ್ರಸಾದ ಅಂಥ ಯಾತ್ರೆಗಳಿಗೆ ಜನರನ್ನು ಕರೆದೊಯ್ಯುವವನು. ಹೊರಡುವ ಮುಂಚೆ ಮನೆಗೇ ಬಂದು ಹೇಳಿದ.

"ಅಮ್ಮಾರ, ಅಲ್ಲಿ ನಮ್ಮ ದೊಡ್ಡ ನೋಟು ನಡೆಯೂದಿಲ್ರಿ. ಬರೇ ನೂರರ ನೋಟು ತಗೊಂಡು ಬರ್ರಿ."

"ಆತು ಬಿಡಪಾ," ಎಂದರು ಚನ್ನಬಸವ್ವನವರು. ಅವನು ಹೋದ ಮೇಲೆ ನನ್ನ ಮುಂದೆ ನಕ್ಕರು. "ನಲವತ್ತು ಸಾವಿರಕ್ಕ ನೂರರ ನೋಟು ಅಂದ್ರ ಒಂದು ಇಟ್ಟಂಗಿ ಆಗತೈತಿ. ಸೊಂಟಕ್ಕ ಇಟ್ಟಂಗಿ ಕಟ್ಕೊಂಡು ಅಡ್ಡಾಡಿದ್ರ ಕಳ್ಳನ್ನ ಕರದು ತೋರಿಸಿದಂಗ. ಐನೂರರ ನೋಟು ಬ್ಯಾಡ ಅನ್ನೂ ಊರು ಎಲ್ಲೈತಿ?"

ಲಂಗದ ಒಳಗೆ ತಾವೇ ಚೀಲ ಹೊಲಿದು, ಐನೂರರ ನೋಟುಗಳನ್ನು ತೆಳ್ಳಗೆ ಹಾಸಿ, ಬಾಯಿ ಮುಚ್ಚಿ ಹೊಲಿದುಬಿಟ್ಟರು. ಅವರ ಜಾಣತನ ನೋಡಿ ನಾನೂ ತಲೆದೂಗಿದೆ.

ನಮ್ಮಲ್ಲಿ ಯಾತ್ರೆಗೆ ಹೊರಟವರ ಕೈಯಲ್ಲಿ, ಹೋಗಲಾಗದವರು ದೇವರಿಗೆಂದು ಕಾಣಿಕೆ ಕೊಟ್ಟು ಕಳಿಸುತ್ತಾರೆ. ಅಯ್ಯನವರೇ ಹೊರಟಿದ್ದಾರೆಂದ ಮೇಲೆ ಕೇಳಬೇಕೆ, ಇಡೀ ಓಣಿಯೇ ಬಂತು. ಕಾಯಿಪಲ್ಲೆ ಮಾರುವ ಗುಡ್ಡವ್ವ ಇಪ್ಪತ್ತು ರೂಪಾಯಿ ತಂದು, "ನನ್ನ ಹೆಸರ್ಲೆ ಹುಂಡ್ಯಾಗ ಹಾಕ್ರಿ ಅಮ್ಮಾರ," ಎಂದಳು. ನಾನು ನೂರು ಕೊಟ್ಟೆ. ಎಲ್ಲ ಸೇರಿ ಏಳೆಂಟು ಸಾವಿರವಾಯಿತು, ನೂರಕ್ಕಿಂತ ದೊಡ್ಡ ನೋಟು ಅದರಲ್ಲಿ ಒಂದೂ ಇರಲಿಲ್ಲ. ಚನ್ನಬಸವ್ವನವರು ಅದನ್ನು ಮಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಪಶುಪತಿಯ ದರ್ಶನವನ್ನು ಪ್ರಸಾದ ಸೋಮವಾರಕ್ಕೆ ಇಟ್ಟಿದ್ದ. ಹಿಂದಿನ ದಿನ ಬೆಳಿಗ್ಗೆ ಎಲ್ಲರನ್ನೂ ಬಸ್ಸಿನಲ್ಲಿ ದೂರದ ಬೆಟ್ಟದ ಗುಡಿಗೆ ಕರೆದೊಯ್ದ. ಶಾಂತಯ್ಯನವರಿಗೆ ಸುಸ್ತಾಗಿತ್ತು, ಗಂಡಹೆಂಡತಿ ಲಾಡ್ಜಿನಲ್ಲೇ ಉಳಿದರು. ಮಧ್ಯಾಹ್ನ ಶಾಂತಯ್ಯನವರಿಗೆ ಎದೆ ಹಿಡಿದುಕೊಂಡಿತು. ಲಾಡ್ಜಿನವನು ಪುಣ್ಯಾತ್ಮ, ತಾನೇ ಟ್ಯಾಕ್ಸಿ ತಂದು ಆಸ್ಪತ್ರೆಗೆ ಒಯ್ದ. ಪ್ರಸಾದನಿಗೆ ಫೋನು ಹಚ್ಚಿದರೆ ಬೆಟ್ಟದ ಮೇಲೆ ಹತ್ತಲೇ ಇಲ್ಲ.

ನಮ್ಮ ದುಡ್ಡಿನಲ್ಲಿ ಆರು ಸಾವಿರದಷ್ಟು ಮುಂಗಡ ಕಟ್ಟಿದರೆ ಒಳಗೆ ಒಯ್ಯುತ್ತೇವೆ ಎಂದು ಆಸ್ಪತ್ರೆಯವರು ಹೇಳಿದರಂತೆ. ಚನ್ನಬಸವ್ವನವರು ಕಂಬದ ಮರೆಗೆ ಹೋಗಿ, ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಐನೂರರ ನೋಟುಗಳನ್ನು ತಂದು ಇಟ್ಟರು. ಆ ವರ್ಷ ಆ ದೇಶದಲ್ಲಿ ನಮ್ಮ ನೂರರ ಮೇಲಿನ ನೋಟಿಗೆ ಬೆಲೆಯಿರಲಿಲ್ಲ. ಕೌಂಟರಿನವನು ಮುಟ್ಟಲೂ ಇಲ್ಲ.

ಕೈ ಸೊಂಟದ ಗಂಟಿಗೆ ಹೋಯಿತು. ಅದು ಜನರ ದುಡ್ಡು, ದೇವರಿಗೆ ಮುಡಿಪಿಟ್ಟದ್ದು. ಜಂಗಮರ ಮನೆಯವರೇ ಅದನ್ನು ಬಿಚ್ಚಿದರೆ ಓಣಿಗೆ ಏನೆಂದು ಮುಖ ತೋರಿಸುವುದು? ಕೈ ಹಿಂದಕ್ಕೆ ಬಂತು.

"ಅವರು ಸ್ಟ್ರೆಚರ್ ಮ್ಯಾಲಿಂದ ನನ್ನ ಸೊಂಟಾನ ನೋಡಾಕತ್ತಿದ್ರು," ಎಂದು ಅವರು ನನಗೆ ಹೇಳಿದರು. "ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ರ ಬಿಚ್ಚತಿದ್ನಿ. ಈಗ ಬರ್ತೇನ್ರೀ ಅಂತ ಹೇಳಿ ಓಡಿದೆ."

ಲಾಡ್ಜಿನವನು ತೋರಿಸಿದ ಸಂದಿಯ ಅಂಗಡಿಯೊಂದರಲ್ಲಿ ಕದ್ದುಮುಚ್ಚಿ ನೋಟು ಬದಲಿಸುತ್ತಿದ್ದರು. ಅಲ್ಲಿಯವನು ಅರ್ಧಕ್ಕರ್ಧ ಮುರಿದುಕೊಂಡು ಕೊಟ್ಟ. ರೊಟ್ಟಿಗೆ ನಾಲ್ಕಾಣೆ ಕಡಿಮೆ ಕೇಳಿದರೆ ಗಿರಾಕಿಯನ್ನು ಮೆಟ್ಟಿಲಿಳಿಸುತ್ತಿದ್ದ ಹೆಂಗಸು ಚೌಕಾಶಿ ಮಾಡದೆ ಬಾಚಿಕೊಂಡು ಓಡಿಬಂದರು. ಅಷ್ಟರಲ್ಲಿ ಶಾಂತಯ್ಯನವರ ಮುಖಕ್ಕೆ ಬಟ್ಟೆ ಎಳೆದಿದ್ದರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅಯ್ಯನವರನ್ನಂತೂ ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಊರಿಗೆ ತರುವಷ್ಟು ದುಡ್ಡು ಯಾರಲ್ಲೂ ಇರಲಿಲ್ಲ. ಪ್ರಸಾದ ಅತ್ತುಕೊಂಡೇ ಅಲ್ಲಿನ ನದಿಯ ದಂಡೆಯಲ್ಲಿ ಸುಡಿಸಿದ. ಎದುರಿಗೇ ಪಶುಪತಿಯ ಗುಡಿ. ಚನ್ನಬಸವ್ವನವರು ಒಳಗೆ ಹೋಗಲಿಲ್ಲ, ಗಂಟನ್ನು ಹಾಗೇ ವಾಪಸು ತಂದರು.

ದಿನಕರ್ಮ ಮುಗಿದ ಮೇಲೆ ಅವರು ಕಾಣಿಕೆ ಹಿಂದಿರುಗಿಸಲು ಹೊರಟರು. ಮೊದಲು ಬಂದದ್ದು ನಮ್ಮ ಮನೆಗೆ. ದೇವರಿಗೆ ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳಬಾರದು ಎಂದೆ. ಒಬ್ಬರನ್ನೇ ಬಿಡಲು ಮನಸ್ಸಾಗದೆ ಜೊತೆಗೆ ನಡೆದೆ. ಪಕ್ಕದ ಮನೆಯವರೂ ತೆಗೆದುಕೊಳ್ಳಲಿಲ್ಲ.

ಓಣಿಯ ಬಾಯಿಯಲ್ಲಿ ಗುಡ್ಡವ್ವ ಮೆಂತ್ಯ ಪಲ್ಲೆಗೆ ನೀರು ಚಿಮುಕಿಸುತ್ತಿದ್ದಳು. ಇಪ್ಪತ್ತರ ನೋಟು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

"ಇದು ನಿಮ್ಮ ಕಡೇನ ಇತ್ತೇನ್ರಿ ಅಮ್ಮಾರ? ಅವತ್ತೂ ಇತ್ತೇನ್ರಿ?"

ಚನ್ನಬಸವ್ವನವರು ಹೌದೆಂದು ತಲೆಯಾಡಿಸಿದರು.

"ಅಯ್ಯಾರ ಜೀವಕ್ಕ ಹಾಕಬಾರದಿತ್ತೇನ್ರಿ? ನಾವು ಯಾರರ ಬ್ಯಾಡ ಅಂತಿದ್ವೇನು?" ಎಂದು ಗುಡ್ಡವ್ವ ಅತ್ತಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಸಂಕಟವಿತ್ತು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು.

ಚನ್ನಬಸವ್ವನವರು ಅವಳ ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಇದನ್ನ ಅಲ್ಲಿ ನನಗ ಯಾರೂ ಹೇಳಲಿಲ್ಲಲ್ಲವ್ವಾ," ಎಂದರು.

ಸ್ವಲ್ಪ ಹೊತ್ತಿಗೆ ನಾನೇ ಕೈ ಹಿಡಿದು ಎಬ್ಬಿಸಿದೆ. ಇನ್ನೂ ಎಷ್ಟೋ ಮನೆಗಳು ಉಳಿದಿದ್ದವು. ಅವರು ಯಾವ ಮನೆಗೂ ಹೋಗಲಿಲ್ಲ. ಎಲ್ಲರೂ ಇದನ್ನೇ ಹೇಳುತ್ತಾರೆಂದು ಅವರಿಗೆ ಗೊತ್ತಾಗಿಹೋಗಿತ್ತು.