ವಸುಧಕ್ಕನ ಪ್ಯಾಚ್

ವಸುಧಕ್ಕ ಕ್ಲಬ್ಬಿನಲ್ಲಿ ಓಡಾಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಇರುತ್ತಿದ್ದಳು. ಸಾಲ್ಟ್ ಲೇಕಿನ ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಲಿನಕ್ಸ್ ಕಂಪ್ಯೂಟರ್ ಕ್ಲಬ್ ಸೇರುತ್ತಿತ್ತು; ಅಲ್ಲೇ ಓದಿ ಮುಗಿಸಿದ್ದ ಅವಳು ನಮಗೆ ಕಲಿಸಲು ಬರುತ್ತಿದ್ದಳು. ಕಲಿಯುವವರ ಕೀಬೋರ್ಡನ್ನು ಕಲಿಸುವವರು ಮುಟ್ಟಬಾರದು ಎಂಬುದು ಅವಳೇ ಮಾಡಿದ ಕಟ್ಟಳೆ. ನಾವು ತಿಣುಕಾಡುತ್ತಿದ್ದರೆ, "ನಾನು ಕುಟ್ಟಿದ್ರೆ ನಾನು ಕಲೀತೀನಿ ಕಣೋ. ನೀನೇ ಕುಟ್ಟು," ಎನ್ನುವಳು. ಏನು ಕೇಳಿದರೂ ಮೊದಲ ಮಾತು, "ಓದಿದ್ಯಾ? ಓದ್ಕೊಂಡು ಬಾ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆಫೀಸಿಗೆ ಹೊಸದಾಗಿ ಬಂದವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಅವಳಪ್ಪ ರೈಲ್ವೆಯಲ್ಲಿದ್ದರು, ಮೈಸೂರಿನವರು. ನಮ್ಮದು ಉಡುಪಿ ಕಡೆ. ಬಾಲಿಗಂಜ್‌ನಲ್ಲಿ ಅಪ್ಪನದೊಂದು ಸಣ್ಣ ಹೋಟೆಲು. ಕ್ಲಬ್ಬಿನಲ್ಲಿ ಕನ್ನಡದವರು ನಾವಿಬ್ಬರೇ. ಉಳಿದ ಬಂಗಾಳಿಗಳು ಝಾಲ್‌ಮುಡಿಯ ಖಾರದ ಮಂಡಕ್ಕಿ ಮೆಲ್ಲುತ್ತ ಹರಟೆಯ ಅಡ್ಡಾ ಹೊಡೆಯುವಾಗ ಅವಳು ನನ್ನನ್ನು ಮಾತಿಗೆಳೆದು, "ನೀನು ಮಾತಾಡಿದ್ರೆ ಪಾಠ ಒಪ್ಪಿಸಿದ ಹಾಗಿರುತ್ತೆ," ಎಂದು ರೇಗಿಸುವಳು.

ಆಗ ಲಿನಕ್ಸಿನಲ್ಲಿ ಕನ್ನಡ ಪರದೆಯ ಮೇಲೆ ಸರಿಯಾಗಿ ಕಂಡರೂ ಪ್ರಿಂಟ್ ಕೊಟ್ಟರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆರು ತಿಂಗಳು ಹಟ ಹಿಡಿದು ಕೂತು ವಸುಧಕ್ಕ ಆ ದೋಷ ಸರಿಮಾಡಿದಳು. ತಿದ್ದಿದ ಭಾಗವನ್ನು, ಅಂದರೆ ಪ್ಯಾಚನ್ನು, ಆ ತಂತ್ರಾಂಶ ನೋಡಿಕೊಳ್ಳುವ ಜರ್ಮನಿಯವರಿಗೆ ಕಳಿಸಬೇಕಿತ್ತು. ಅವತ್ತೇ ಇಂಟರ್ನೆಟ್ ಕೈಕೊಟ್ಟಿತು, ಅವಳಿಗೆ ಟ್ಯೂಷನ್ ಹೇಳಲು ಹೊತ್ತಾಗಿತ್ತು. "ಲೈನ್ ಬಂದ ಕೂಡಲೇ ಕಳಿಸಿಬಿಡೋ," ಎಂದು ಬಸ್ಸಿಗೆ ಓಡಿದಳು. ನಾನು ನನ್ನ ಇ-ಮೇಲ್‌ನಿಂದ ಕಳಿಸಿದೆ. ಬರೆದವಳ ಹೆಸರು ಹಾಕಲು ಮರೆತೆ. ಅವರು ಪ್ಯಾಚ್ ಒಪ್ಪಿಕೊಂಡರು. ಬರೆದವರ ಪಟ್ಟಿಯಲ್ಲಿ ನನ್ನ ಹೆಸರು ಬಂತು.

ಅದು ಮರೆವು, ದೇವರಾಣೆ. ಆಮೇಲಿನದು ಮರೆವಲ್ಲ. ಆ ತಿಂಗಳೇ ಕಂಪನಿಗಳು ಕಾಲೇಜಿಗೆ ಬಂದವು. ಇಂಟರ್‌ವ್ಯೂನಲ್ಲಿ ಆ ಪಟ್ಟಿ ತೋರಿಸಿ, ಇದು ನಿಮ್ಮದಾ ಎಂದು ಕೇಳಿದರು. ಹೌದು ಎಂದೆ. ಕೆಲಸ ಸಿಕ್ಕಿತು.

ವಸುಧಕ್ಕನಿಗೆ ಬಾರಾನಗರದ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಸೇರುವ ಆಸೆ. ಅಂಕ ಕಡಿಮೆ, ತೋರಿಸಲಿಕ್ಕೆ ಇದ್ದದ್ದು ಆ ಪ್ಯಾಚ್ ಒಂದೇ. ದುರ್ಗಾಪೂಜೆಗೆ ಮುಂಚೆ ಒಂದು ದಿನ ಅಪ್ಪನ ಹೋಟೆಲಿಗೆ ಬಂದಳು. ಬೈಯಲಿಲ್ಲ.

"ಆ ಜರ್ಮನಿಯವ್ರಿಗೊಂದು ಸಾಲು ಬರೆದುಹಾಕೋ, ಇದು ನಂದಲ್ಲ, ವಸುಧಂದು ಅಂತ. ಅರ್ಜಿಗೆ ಇನ್ನೂ ಹದಿನೈದು ದಿನ ಇದೆ."

"ಇವತ್ತೇ ಬರೀತೇನೆ ಅಕ್ಕ," ಎಂದೆ.

ಬರೆಯಲಿಲ್ಲ. ಸಿಕ್ಕ ಕೆಲಸ ಹೋದೀತೆಂಬ ಹೆದರಿಕೆ, ಎಂತ ಹೇಳುವುದು. ನಾಳೆ ನಾಳೆ ಎಂದು ಹದಿನೈದು ದಿನವನ್ನೂ ಕಳೆದೆ. ಅವಳು ಮತ್ತೆ ಕೇಳಲಿಲ್ಲ, ಕ್ಲಬ್ಬಿಗೂ ಬರಲಿಲ್ಲ. ಕಾಳಿಪೂಜೆಯ ಹೊತ್ತಿಗೆ ಡೆಂಗಿ ಜ್ವರ ಬಂತು. ಐದೇ ದಿನ, ಹೋಗಿಬಿಟ್ಟಳು.

ಸ್ಮಶಾನದಿಂದ ಬಂದ ಸಂಜೆಯೇ ಬರೆದೆ. ಒಂದು ಸಾಲಲ್ಲ, ಎರಡು ಪುಟ. ಪ್ಯಾಚ್ ಅವಳದು, ನಾನು ಸುಳ್ಳ ಎಂದು ಬರೆದೆ. ಅವಳು ತೀರಿಕೊಂಡಳು ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಮರುದಿನವೇ ಬಹಳ ವಿನಯದ ಉತ್ತರ ಬಂತು. ಹೆಸರು ಖಂಡಿತ ಬದಲಿಸುತ್ತೇವೆ, ಆದರೆ ನಮ್ಮ ನಿಯಮದಂತೆ ಬರೆದವರೇ ನಮಗೊಂದು ಸಾಲು ಕಳಿಸಬೇಕು, ದಯವಿಟ್ಟು ವಸುಧಾ ಅವರಿಗೆ ತಿಳಿಸುತ್ತೀರಾ ಎಂದು ಕೇಳಿದ್ದರು.