ಸತ್ತ ತಮ್ಮ ಛತ್ರಿ ಕೇಳಿದ್ದು

ಪುಸ್ತಕಕ್ಕೆ ರಟ್ಟು ಹಾಕುವವನಾದ್ದರಿಂದ ಅವನಿಗೆ ರಟ್ಟಣ್ಣ ಎಂದೇ ಹೆಸರು. ಅವನು ಹೊಲಿದ ಪುಸ್ತಕವನ್ನು ಎರಡು ಆನೆಗಳು ಎರಡು ಕಡೆಯಿಂದ ಎಳೆದರೆ ಆನೆಗಳು ಹರಿದಾವೇ ಹೊರತು ಪುಸ್ತಕ ಹರಿಯದು. ನಲವತ್ತು ವರ್ಷ ಊರಿನವರ ಬರಹ ಹೊಲಿದು, ಅರವತ್ತೆರಡನೆಯ ವಯಸ್ಸಿನಲ್ಲಿ ತಾನೇ ಒಂದು ಪುಸ್ತಕ ಬರೆದ. ತಮ್ಮನ ಕಥೆ. ರಟ್ಟಣ್ಣ ಆಡಿದ ಒಂದು ನೇರ ಮಾತಿಗೆ ಮುನಿದು ಹನ್ನೊಂದು ವರ್ಷ ಹೊಸಿಲು ತುಳಿಯದ ತಮ್ಮ ಹಾಗೆಯೇ ತೀರಿಹೋಗಿದ್ದ. ರಟ್ಟಣ್ಣನಿಗೆ ತಿಳಿಯಬೇಕಾದದ್ದು ಒಂದೇ: ಪುಸ್ತಕದಲ್ಲಾದರೂ ತಮ್ಮ ಉಸಿರಾಡುತ್ತಿದ್ದಾನೋ, ಇಲ್ಲ ಅಲ್ಲೂ ಹೆಣವೋ?

ಭಾನುವಾರ ಮಧ್ಯಾಹ್ನ ಅವನ ಅಂಗಡಿಯಲ್ಲಿ, ಅಂಟಿನ ವಾಸನೆಯ ನಡುವೆ, ಬರೆಯುವ ಚಟದವರು ಮೂವರು ಸೇರುತ್ತಿದ್ದರು: ಅವನು, ಪದ್ಯ ಬರೆಯುವ ಟೈಲರು, ನಾಟಕ ಬರೆಯುವ ನರ್ಸಕ್ಕ. ಅಲ್ಲಿ ಉದುರುತ್ತಿದ್ದ 'ಚೆನ್ನಾಗಿದೆ'ಗಳನ್ನು ಸೋಮವಾರ ಗುಡಿಸಿದರೆ ಎರಡು ಗೋಣಿಚೀಲ ತುಂಬುತ್ತಿತ್ತು.

ಪುಸ್ತಕ ಅವರಿಬ್ಬರ ಕೈಯಲ್ಲಿ ಏಳು ವಾರ ಸುತ್ತಿ ಬಂತು.

"ಕಣ್ಣಲ್ಲಿ ನೀರು ಬಂತು ಕಣಯ್ಯಾ" ಎಂದ ಟೈಲರು.

"ಯಾವ ಜಾಗದಲ್ಲಿ?"

"ಎಲ್ಲಾ ಜಾಗದಲ್ಲೂ."

"ನರ್ಸಕ್ಕಾ, ನೀವೇನಂತೀರಿ?"

"ಹೊಲಿಗೆ ನೋಡಿ ನಂಗೆ ಹೊಟ್ಟೆ ತುಂಬಿಹೋಯ್ತು. ನಮ್ಮ ಡಾಕ್ಟ್ರೂ ಇಷ್ಟು ನೀಟಾಗಿ ಹಾಕಲ್ಲ."

ಆ ವಾರ ರಟ್ಟಣ್ಣ ತಾನೇ ಓದಲು ಕೂತ. ಹದಿನಾರು ಪುಟಗಳ ಎರಡು ಕಟ್ಟುಗಳನ್ನು ಹೊಲಿಯುವಾಗ ಹಿಂದುಮುಂದು ಮಾಡಿದ್ದ. ಪುಟಕ್ಕೆ ನಂಬರು ಹಾಕುವುದು ಬೆರಳಿಗೆ ಬುದ್ಧಿಯಿಲ್ಲದವರ ಕೆಲಸ ಎಂಬುದು ಅವನ ಹಳೆಯ ಜಂಭ. ಹೀಗಾಗಿ ಐದನೆಯ ಕಟ್ಟಿನಲ್ಲಿ ಮಣ್ಣಾದ ತಮ್ಮ ಆರನೆಯದರಲ್ಲಿ ಬಾಗಿಲು ತಟ್ಟಿ, "ಅಣ್ಣಾ, ಛತ್ರಿ ಕೊಡು" ಎನ್ನುತ್ತಿದ್ದ.

ಮುಂದಿನ ಭಾನುವಾರ ಕೇಳಿದ: "ಅಲ್ರಯ್ಯಾ, ಸತ್ತವನು ಛತ್ರಿ ಕೇಳೋಕೆ ಬರ್ತಾನಲ್ಲ, ಅದು ಹೇಗನ್ನಿಸ್ತು?"

ಟೈಲರು ಅರೆಗಳಿಗೆ ಸೂರು ನೋಡಿದ. "ಅದೇ ನೋಡು ಹೊಸತನ. ನಂಗೆ ಹಿಡಿಸಿದ್ದೇ ಅದು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದಳು ನರ್ಸಕ್ಕ.

ರಟ್ಟಣ್ಣ ದಾರ ಬಿಚ್ಚಿದ. ಕಟ್ಟುಗಳನ್ನು ಸರಿಪಡಿಸಿ ಮತ್ತೆ ಹೊಲಿದು ಕೊಟ್ಟ. ಎರಡೇ ದಿನಕ್ಕೆ ಟೈಲರು ವಾಪಸು ತಂದ. "ಮೊದಲಿನದ್ದೇ ಚೆನ್ನಾಗಿತ್ತು ಮಾರಾಯ. ತಿದ್ದಿ ಕೆಡಿಸ್ಬಿಟ್ಟೆ. ಹೋಗಲಿ, ನನ್ನ ಪದ್ಯ ನೋಡು. ಮುಲಾಜು ಬೇಡ, ಇದ್ದದ್ದು ಇದ್ದಹಾಗೆ ಹೇಳು."

ನಲವತ್ತು ಪದ್ಯ. ತಾನಾದರೂ ನೆಟ್ಟಗೆ ಓದಿದರೆ ನಾಳೆ ತನ್ನದನ್ನೂ ಯಾರಾದರೂ ಓದಿಯಾರೆಂದು ರಟ್ಟಣ್ಣ ಪೆನ್ಸಿಲ್ ಹಿಡಿದು ಕೂತ. ಒಂಬತ್ತನೆಯ ಪದ್ಯದ ಒಂದು ಸಾಲಿಗೆ ಜೀವವಿತ್ತು. ಉಳಿದವು ಅಳತೆ ತೆಗೆಯದೆ ಹೊಲಿದ ಅಂಗಿಗಳು.

ಭಾನುವಾರ ಬಾಯಿ ತೆರೆದ. "ಒಂಬತ್ತನೇದೊಂದು ಬಿಟ್ರೆ..."

ಟೈಲರನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ಮುಖ ಗಂಟಾಯಿತು. ಹನ್ನೊಂದು ವರ್ಷದ ಮುನಿಸು ಶುರುವಾದ ದಿನ ತಮ್ಮನ ಮುಖವೂ ಹೀಗೇ, ಗದ್ದದಿಂದ ಮೇಲಕ್ಕೆ ಗಂಟಾಗಿತ್ತು.

"...ಬಿಟ್ರೆ?"

"ಬಿಟ್ರೆ ಅಂತಲ್ಲ. ಎಲ್ಲಾನೂ ಚೆನ್ನಾಗಿದೆ."

ಟೈಲರು ಚಹಾ ಕುಡಿದ.

ತಮ್ಮನ ಪುಸ್ತಕ ಈಗಲೂ ಅಂಗಡಿಯಲ್ಲಿದೆ. ಹೊಸದಾಗಿ ಅಂಟು ಹಾಕಿದ ಪುಸ್ತಕಗಳ ರಟ್ಟು ಮೇಲೇಳದಂತೆ ರಟ್ಟಣ್ಣ ಅದನ್ನು ಅವುಗಳ ಮೇಲೆ ಹೇರಿಡುತ್ತಾನೆ. ಒಳಗೆ ತಮ್ಮ ಉಸಿರಾಡುತ್ತಿದ್ದಾನೋ ಇಲ್ಲವೋ ಹೇಳುವವರಿಲ್ಲ. ಭಾರ ಮಾತ್ರ ಸರಿಯಾಗಿದೆ.